ಬದುವಿನ ಮೇಲೆ ಆಡಿದ ಮಾತು

ಹೋದ ವಾರ ಮೂಡಿಗೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬೀಗ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಯಾರಿಗೋ ಹೊಸ ತಂತಿಯ ಸುರುಳಿ ಬಿಚ್ಚಿ ತೋರಿಸುತ್ತಿದ್ದರು. ಹೊಸ ತಂತಿಗೆ ಒಂದು ವಾಸನೆಯಿರುತ್ತದೆ, ಎಣ್ಣೆ ಮತ್ತು ಕಬ್ಬಿಣ ಬೆರೆತದ್ದು. ಅದು ಮೂಗಿಗೆ ಬಡಿದದ್ದೇ ತಡ, ಬೀಗ ಬೇಡವೆಂದು ಹೇಳಿ ಹೊರಗೆ ಬಂದುಬಿಟ್ಟೆ. ಎಂಟು ವರ್ಷದ ಹಿಂದೆ ಒಂದು ಸಂಜೆ ನನ್ನ ಅಂಗೈಯಲ್ಲಿ ಇದೇ ವಾಸನೆಯಿತ್ತು.

ಮೇಷ್ಟ್ರು ನನಗೆ ಪ್ರೈಮರಿಯಲ್ಲಿ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಜಾವಳಿ ಕಡೆ ನನ್ನ ಕಾಫಿ ತೋಟದ ಕೆಳಗಿದ್ದ ತಮ್ಮ ಗದ್ದೆಯನ್ನು ತಾವೇ ಮಾಡುತ್ತಿದ್ದರು. ಆ ವರ್ಷ ಕಾಡುಹಂದಿಗಳು ತೆನೆ ಬಂದ ಪೈರನ್ನು ಉತ್ತು ಹಾಕಿದಂತೆ ಮಾಡಿದ್ದವು. ನಾನು ತೋಟದಿಂದ ಇಳಿದು ಬರುವಾಗ ಮೇಷ್ಟ್ರು ಬದುವಿನುದ್ದಕ್ಕೂ ಗೂಟ ಹೊಡೆದು ತಂತಿ ಎಳೆಯುತ್ತಿದ್ದರು. ಪಂಪ್‌ಸೆಟ್ಟಿನ ಕರೆಂಟನ್ನು ರಾತ್ರಿ ಅದಕ್ಕೆ ಕೊಡುವುದು ಅವರ ಲೆಕ್ಕಾಚಾರ.

“ಈ ತುದಿ ಸ್ವಲ್ಪ ಹಿಡ್ಕೋ ಮಾರಾಯ” ಎಂದರು. ಹಿಡಿದುಕೊಂಡೆ.

ಹಿಡಿದುಕೊಂಡೇ ಹೇಳಿದೆ, “ಮೇಷ್ಟ್ರೇ, ಈ ಬದುವಿನ ಮೇಲೆ ಲೈನಿನ ಹೆಂಗಸರು ಓಡಾಡ್ತಾರೆ.” ಎಸ್ಟೇಟಿನ ಕೂಲಿಲೈನಿನ ಸಾಲುಮನೆಯವರು ಕೆಲಸದ ಜೀಪು ಹಿಡಿಯಲು ರಸ್ತೆಗೆ ಹೋಗುತ್ತಿದ್ದ ಅಡ್ಡದಾರಿ ಅದು.

“ಗೊತ್ತು. ಅವರು ಬರೋದು ಬೆಳಕು ಹರಿದ ಮೇಲೆ. ನಾನು ಐದೂವರೆಗೇ ಸ್ವಿಚ್ ತೆಗೀತೀನಿ. ಹಂದಿಗಳಿಗೆ ಮಾತ್ರ ಆ ಟೈಮು ಹೇಳ್ಬೇಡ, ಅಷ್ಟೇ” ಎಂದು ನಕ್ಕರು. ನಾನೂ ನಕ್ಕೆ.

ಮೂರನೆಯ ದಿನ ಬೆಳಿಗ್ಗೆ ಮಂಜು ಇತ್ತು. ಕಾಫಿ ಕೊಯ್ಲು ಶುರುವಾಗಿದ್ದರಿಂದ ಅವತ್ತು ಬಾಳೂರಿನ ಕಡೆಗೆ ಹೋಗುವ ಜೀಪು ಬೆಳಕು ಹರಿಯುವ ಮೊದಲೇ ಬರುವುದೆಂದು ಲೈನಿನವರಿಗೆ ಹೇಳಿದ್ದರು. ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕೂಗು ಕೇಳಿ ನಾನು ಓಡಿ ಹೋದಾಗ ಅವರು ಕರೆಂಟು ತೆಗೆದು, ಬದುವಿನ ಮೇಲೆ ತಂತಿ ತಗುಲಿ ಬಿದ್ದಿದ್ದ ಲೈನಿನ ಹೆಂಗಸೊಬ್ಬಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಕೆಯೂ ನಾಲ್ಕನೇ ಕ್ಲಾಸಿನವರೆಗೆ ಅವರ ಬಳಿಯೇ ಓದಿದವಳು. ಬುತ್ತಿಯ ಡಬ್ಬಿ ಗದ್ದೆಗೆ ಬಿದ್ದು ತೆರೆದುಕೊಂಡಿತ್ತು. ಮೇಷ್ಟ್ರು ಆಕೆಯ ಹೆಸರು ಕರೆಯುತ್ತಲೇ ಇದ್ದರು, ಹಾಜರಿ ಕರೆಯುವವರ ಹಾಗೆ...

ಪೊಲೀಸರ ಮುಂದೆ ನಾನು ಹೇಳಿದೆ: ಮೂರು ದಿನ ಮೊದಲು ಎಚ್ಚರಿಸಿದ್ದೆ, ಗೊತ್ತು ಎಂದಿದ್ದರು. ತಂತಿಯ ತುದಿ ಹಿಡಿದದ್ದನ್ನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಕೆಲವು ವಾರ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ ಮೇಷ್ಟ್ರು ವಕೀಲರಿಂದ ದಂಡಸಂಹಿತೆಯ ಪುಸ್ತಕ ತಂದು ಓದುತ್ತಿದ್ದರು. ಈಗ ಆ ಪುಸ್ತಕದ ಹೆಸರೂ ಕಲಂಗಳ ನಂಬರೂ ಬದಲಾಗಿವೆಯಂತೆ. ಒಂದು ಮಧ್ಯಾಹ್ನ ನನ್ನ ಜಗುಲಿಯಲ್ಲಿ ಕೂತು ಪಾಠ ಹೇಳುವ ದನಿಯಲ್ಲೇ ಹೇಳಿದರು. “ಸಾವು ಒಂದೇ, ನೋಡು. ಸಾಯಿಸಬೇಕು ಅಂತಲೇ ಮಾಡಿದ್ರೆ ಕೊಲೆ. ಸಾಯಬಹುದು ಅಂತ ಗೊತ್ತಿದ್ದೂ ಮಾಡಿದ್ರೆ ಅದಕ್ಕೆ ಬೇರೆ ಹೆಸರು, ಅದೂ ದೊಡ್ಡ ಅಪರಾಧವೇ. ಗಮನ ಇಲ್ದೆ ಮಾಡಿದ್ರೆ ನಿರ್ಲಕ್ಷ್ಯ, ಅದು ಸಣ್ಣದು. ಕೈ ಮಾಡಿದ್ದಷ್ಟೇ ನೋಡಿದ್ರೆ ಸಾಲದು, ಮನಸ್ಸಲ್ಲಿ ಏನಿತ್ತು ಅಂತಲೂ ನೋಡ್ಬೇಕು. ಮನಸ್ಸು ಕಣ್ಣಿಗೆ ಕಾಣಲ್ಲ. ಅದಕ್ಕೇ ಸಾಕ್ಷಿ ಕರೆಯೋದು.” ಹೀಗೆ ಹೇಳು, ಹಾಗೆ ಹೇಳು ಎಂದು ಅವರು ಕೇಳಲಿಲ್ಲ. ಹೇಳುತ್ತೇನೆಂದು ನಾನೂ ಅನ್ನಲಿಲ್ಲ.

ಕೇಳಿದವರು ಅವರ ವಕೀಲರು. “ಒಂದು ‘ಇಲ್ಲ’ ಸಾಕು. ಮುದುಕರು ಜೈಲಲ್ಲಿ ಸಾಯೋದು ತಪ್ಪುತ್ತೆ.”

ಚಿಕ್ಕಮಗಳೂರಿನ ಕೋರ್ಟಿನ ಕಟಕಟೆಯಲ್ಲಿ ಸರ್ಕಾರಿ ವಕೀಲರು ನನ್ನ ಹೇಳಿಕೆಯನ್ನು ಓದಿ, ಹೀಗೆ ಎಚ್ಚರಿಸಿದ್ದು ನಿಜವೇ ಎಂದು ಕೇಳಿದರು. “ಇಲ್ಲ ಸ್ವಾಮಿ” ಎಂದೆ. ಪೊಲೀಸರ ಮುಂದೆ ಹೇಳಿದ್ದಿರಲ್ಲ ಎಂದರು. “ನಾನು ಹಾಗೆ ಹೇಳಿಲ್ಲ” ಎಂದೆ. ಮೇಷ್ಟ್ರ ಮೇಲಿನ ಕನಿಕರದಿಂದ ಹೇಳಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಪೂರ್ತಿ ಹಾಗಲ್ಲ. ಎಚ್ಚರಿಸಿದ್ದು ಎಲ್ಲಿ ನಿಂತು, ಕೈಯಲ್ಲೇನಿತ್ತು ಎಂದು ಮುಂದಿನ ಪ್ರಶ್ನೆ ಬಂದರೆ ಎಂಬ ಹೆದರಿಕೆಯೂ ಇತ್ತು.

ಜನ ಬರುವುದು ತಿಳಿದೂ ಮಾಡಿದರೆಂಬುದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿಲ್ಲ ಎಂದು ತೀರ್ಪಾಯಿತು. ನಿರ್ಲಕ್ಷ್ಯವೆಂದು ಹಿಡಿದು, ಜೈಲಿನಲ್ಲಿ ಕಳೆದಿದ್ದ ದಿನಗಳನ್ನೇ ಶಿಕ್ಷೆಯಾಗಿ ಎಣಿಸಿ, ದಂಡ ಹಾಕಿ ಬಿಟ್ಟರು. ಆ ಸಂಶಯದ ಲಾಭ ಮೇಷ್ಟ್ರಿಗೆ ಸಿಕ್ಕಿತು. ಸಂಶಯ ತಂದಿಟ್ಟವನು ನಾನು.

ಬಸ್‌ಸ್ಟ್ಯಾಂಡಿನವರೆಗೆ ಮೇಷ್ಟ್ರ ಜೊತೆ ನಡೆದೆ. ಬಸ್ಸು ಹತ್ತುವಾಗ ತಿರುಗಿ ಕೇಳಿದರು, “ನಿಂಗೆ ನಿಜವಾಗ್ಲೂ ನೆನಪಿಲ್ವಾ?”

ನಾನು ಟಿಕೆಟಿಗೆಂದು ಜೇಬಿನಲ್ಲಿ ಚಿಲ್ಲರೆ ಹುಡುಕಿದೆ.

“ನಂಗಿದೆ” ಎಂದರು.

ಆಮೇಲೆ ಅವರು ಆ ಗದ್ದೆ ಉಳಲಿಲ್ಲ. ನನ್ನೊಡನೆ ಮಾತು ಬಿಡಲಿಲ್ಲ, ಮಳೆ ಬಂತೇ, ಹೂವು ಕಟ್ಟಿತೇ ಎಂದು ಕೇಳುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡರು.

ತಂತಿಯ ವಾಸನೆ ಬಡಿದ ಮಾರನೆಯ ದಿನ ಕೂಲಿಲೈನಿಗೆ ಹೋದೆ. ಸತ್ತವಳ ಗಂಡ ಬಾಗಿಲಲ್ಲೇ ಕೂತು ಕತ್ತಿ ಮಸೆಯುತ್ತಿದ್ದ. ಚಾಪೆ ಹಾಕಿದ. ನಾನು ಎಲ್ಲವನ್ನೂ ಹೇಳಿದೆ, ತಂತಿಯ ತುದಿ ಹಿಡಿದದ್ದರಿಂದ ಹಿಡಿದು, ಮೇಷ್ಟ್ರು ಹಂದಿಯ ಬಗ್ಗೆ ಆಡಿದ ತಮಾಷೆಯವರೆಗೆ, ಕೋರ್ಟಿನಲ್ಲಿ ಅಂದ ‘ಇಲ್ಲ’ದವರೆಗೆ.

“ಮೇಷ್ಟ್ರು ಎರಡು ಸಲ ಇಲ್ಲಿಗೆ ಬಂದಿದ್ರು ಅಣ್ಣ” ಎಂದ ಕೊನೆಗೆ. ನನಗದು ಗೊತ್ತಿರಲಿಲ್ಲ. “ಗೊತ್ತಿಲ್ದೆ ಆಗಿದ್ದು ಅಂತ ಕೋರ್ಟೇ ಹೇಳ್ತಲ್ಲ, ಮತ್ಯಾಕೆ ಬರ್ತೀರ ಅಂದೆ ನಾನು. ಎರಡನೇ ಸಲ ‘ಗೊತ್ತಿಲ್ದೆ ಅಲ್ಲ ಕಣಪ್ಪ’ ಅಂತ ಏನೋ ಶುರು ಮಾಡಿದ್ರು. ವಯಸ್ಸಾಯ್ತು, ಏನೇನೋ ಹೇಳ್ತಾರೆ ಅಂದ್ಕೊಂಡೆ. ಬಾಗ್ಲು ಹಾಕ್ಕೊಂಡೆ...”

ಅವನು ಕತ್ತಿಯ ಬಾಯಿಗೆ ಹೆಬ್ಬೆರಳು ತಾಕಿಸಿ ನೋಡಿ ಕೆಳಗಿಟ್ಟ.

“ಅದನ್ನ ಕೇಳ್ಬೇಕು ಅಂತಲೇ ನಾನು ಅಷ್ಟು ಸಲ ಕೋರ್ಟಿಗೆ ಬಂದು ಕೂತಿದ್ದೆ ಅಣ್ಣ. ಆ ತೀರ್ಪು ನಂಬದೇ ಇದ್ದಿದ್ರೆ ಅವರ ಬಾಯಿಂದಲಾದ್ರೂ ಕೇಳ್ತಿದ್ದೆ.”

ನಾನು ಎದ್ದೆ. ಚಾಪೆ ಮಡಿಸಲು ಬಗ್ಗಿದರೆ, ಇರಲಿ ಬಿಡಿ ಎಂದು ತಾನೇ ಎತ್ತಿಕೊಂಡು ಒಳಗೆ ಹೋದ.