ಟವರಿನ ತುದಿಯಲ್ಲಿ ಉಳಿದ ಪಾನ

“ಬಂಡಿ ಇನ್ನಾ ಹಿಂದ ತಗೋ ಶೇವಂತಾ. ಮ್ಯಾಲಿಂದ ಏನರ ಬಿದ್ರ ನಿನ್ನ ತಲೀನೂ ಇಲ್ಲ, ಬಾಳಿಹಣ್ಣೂ ಇಲ್ಲ.”

ಕಬ್ಬಿಣದ ಏಣಿಯ ಹತ್ತನೆಯ ಮೆಟ್ಟಿಲಿಂದ ಹೆಂಡತಿಗೆ ಇಷ್ಟು ಹೇಳಿ ಮಹಾದೇವಪ್ಪ ಮತ್ತೆ ಹತ್ತತೊಡಗುತ್ತಾರೆ. ಬೆಳಗಿನ ಆರು ಗಂಟೆ. ಕಮಲಾಪುರದ ಕೆಂಪು ಬಾಳೆಹಣ್ಣು ತುಂಬಿದ ಬಂಡಿಯನ್ನು ಶೇವಂತಾ ರಸ್ತೆಯಾಚೆಗೆ ಎಳೆಯುತ್ತಾರೆ. “ದಿನಾ ನನಗ ಮರಗುಳಿ ಅಂತಿದ್ರು. ಈಗ ಯಾರು ಮರತಾರ ಕೇಳ್ರಿ,” ಎಂದು ಕೆಳಗೆ ನಿಂತ ಎಂಜಿನಿಯರ್ ಪದ್ಮಜಾಗೆ ಹೇಳುತ್ತಾರೆ.

ಕಲಬುರಗಿಯ ಈ ಪ್ರಸಾರ ಗೋಪುರದ ಕೆಂಪು ದೀಪ ಕಂಡರೆ ಸಾಕು, ಕಮಲಾಪುರದ ಬಸ್ಸಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಚೀಲ ಹುಡುಕುತ್ತಾರೆ. ಆ ದೀಪ ಆರದಂತೆ ನೋಡಿಕೊಳ್ಳುವವರು ಐವತ್ತೊಂಬತ್ತರ ಮಹಾದೇವಪ್ಪ. ಐನೂರ ಹತ್ತು ಮೆಟ್ಟಿಲು, ತಿಂಗಳಿಗೆ ನಾಲ್ಕು ಸಲ. ಎಡ ಮೊಣಕಾಲು ಮುನ್ನೂರಕ್ಕೇ ತಕರಾರು ತೆಗೆಯುತ್ತದೆ.

ಹತ್ತುವ ಮೊದಲು ರಿಪೇರಿಯ ಹದಿನಾಲ್ಕು ಸಾಮಾನನ್ನು ಗೋಣಿಯ ಮೇಲೆ ಸಾಲಾಗಿಟ್ಟು ಎಣಿಸಬೇಕು. ಇಳಿದ ಮೇಲೆ ಮತ್ತೆ. ಎರಡೂ ಸಂಖ್ಯೆಯನ್ನು ಪದ್ಮಜಾ ಪುಸ್ತಕದಲ್ಲಿ ಬರೆಯುತ್ತಾರೆ. ಇಪ್ಪತ್ತೆರಡು ವರ್ಷ ಅವು ಒಂದೇ ಆಗಿದ್ದವು.

ನಿನ್ನೆ ಸಂಜೆ ಇಳಿದಾಗ ಹದಿಮೂರು. ನಟ್ಟು ಬಿಗಿಯುವ ದೊಡ್ಡ ಪಾನ ಇರಲಿಲ್ಲ. ಗಾಳಿ ಎದ್ದಿತ್ತು, ಮತ್ತೆ ಹತ್ತಲು ಪದ್ಮಜಾ ಬಿಡಲಿಲ್ಲ. ಯಾರೂ ಕೆಳಗೆ ಬರದಂತೆ ಗೋಪುರದ ಸುತ್ತ ಹಗ್ಗ ಕಟ್ಟಿಸಿದರು. ಪುಸ್ತಕದಲ್ಲಿ ಎರಡನೆಯ ಸಂಖ್ಯೆಯ ಜಾಗ ಖಾಲಿ ಉಳಿಯಿತು.

“ನಾ ಬಿದ್ರ ನಾ ಒಬ್ಬನೇ ಹೋಗ್ತೀನಿ,” ಎಂದಿದ್ದರು ಮಹಾದೇವಪ್ಪ, ಈ ಬೆಳಿಗ್ಗೆ ಏಣಿ ಹಿಡಿಯುವ ಮೊದಲು. “ಪಾನ ಬಿದ್ರ ಯಾರ ಮ್ಯಾಲ ಬೀಳ್ತದೋ, ಹೇಳಾಕ ಬರಂಗಿಲ್ಲ.”

ಏಳೂವರೆಗೆ ಇಳಿದು ಬರುತ್ತಾರೆ. ಸೊಂಟದಲ್ಲಿ ಪಾನ ಇದೆ. ಎಲ್ಲಿತ್ತೆಂದು ಪದ್ಮಜಾ ಕೇಳುತ್ತಾರೆ. ಶೇವಂತಾ ಬಂಡಿಯನ್ನು ಮತ್ತೆ ಹತ್ತಿರಕ್ಕೆ ತಳ್ಳುತ್ತಾರೆ.

“ಬಲ್ಬ್ ತಿರುವಾಕ ಎರಡೂ ಕೈ ಬೇಕಲ್ರೀ. ಬೀಳಬಾರದಂತ ಸರಳಿಗಿ ದಾರ ಹಾಕಿ ಕಟ್ಟಿದ್ದೆ. ಬಿಚ್ಚೂದು ಮರತೀನಿ. ರಾತ್ರಿಯೆಲ್ಲ ಗಾಳಿ ಜಗ್ಗ್ಯಾದ, ಗಂಟ ಹಂಗೇ ಅದ.”

“ಕಟ್ಟೂದು ಬರ್ತದ, ಬಿಚ್ಚೂದು ಬರಂಗಿಲ್ಲ,” ಎನ್ನುತ್ತ ಶೇವಂತಾ ಒಂದು ಹಣ್ಣು ಸುಲಿದು ಕೊಡುತ್ತಾರೆ. ಮಹಾದೇವಪ್ಪ ನಗುತ್ತ ತಿನ್ನುತ್ತಾರೆ.

ಗೋಣಿಯ ಮೇಲೆ ಮತ್ತೆ ಎಣಿಕೆ. ಹದಿನಾಲ್ಕು. ಪದ್ಮಜಾ ಪುಸ್ತಕ ತೆರೆದು ನಿನ್ನೆಯ ಖಾಲಿ ಜಾಗದ ಮೇಲೆ ಪೆನ್ನು ಇಡುತ್ತಾರೆ.

“ಬರೋ ತಿಂಗಳ ನಿವೃತ್ತಿ ಅದ ನಿಮ್ಮದು. ಸಾಮಾನ ಎಲ್ಲಾ ಸಿಕ್ತಲ್ಲ, ಇಲ್ಲೂ ಹದಿನಾಲ್ಕ ಬರದ ಬಿಡ್ತೀನ್ರಿ. ಇಪ್ಪತ್ತೆರಡ ವರ್ಷದ ಪುಸ್ತಕ, ಸ್ವಚ್ಛ ಇರ್ಲಿ.”

ಮಹಾದೇವಪ್ಪ ಕೈ ಒರೆಸಿಕೊಳ್ಳುತ್ತಾರೆ.

“ಒಲ್ಲೆ ಮೇಡಂ. ಹದಿಮೂರ ಬರೀರಿ.”