ಹೊಟ್ಟೆ ತಿರುವಿ ನೋಡಿ ತಂದ ನಾಯಿ

ಬೆಟಗೇರಿಯ ನಮ್ಮ ಓಣಿಯಲ್ಲಿ ನಾಯಿಮರಿ ತರುವವರು ಮೊದಲು ಅದನ್ನೆತ್ತಿ ಹೊಟ್ಟೆ ತಿರುವಿ ನೋಡುತ್ತಾರೆ. ಗಂಡಾದರೆ ಮನೆಗೆ, ಹೆಣ್ಣಾದರೆ ಇದ್ದಲ್ಲಿಯೇ.

"ಹೆಣ್ಣು ತಂದ್ರ ವರ್ಷಾ ವರ್ಷಾ ಅದರ ಬಾಣಂತನ ಯಾರು ಮಾಡಾವ್ರು?" ಎನ್ನುವುದು ನಮ್ಮತ್ತೆಯ ವಾದ. ನಾನು ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಾಗ ಲಕ್ಷ್ಮೇಶ್ವರದ ನನ್ನ ತವರಿಗೆ ಒಮ್ಮೆಯೂ ಬಾರದ ಮಹಾತಾಯಿ ಅವರು.

ಹಾಗೆ ಆರಿಸಿ ತಂದ ಗಂಡುಮಗ ಅತ್ತೆಯ ಮಂಚದ ಕೆಳಗೆ ಹಾಲು-ರೊಟ್ಟಿ ತಿಂದು ಬೆಳೆದ. ನನಗೆ ಸೀನು ಶುರುವಾಯಿತು, ಆಮೇಲೆ ಉಬ್ಬಸ. ಕಸ ಹೊಡೆಯಲು ಬಗ್ಗಿದರೆ ಎದೆ ಪೀಪಿ ಊದುತ್ತಿತ್ತು. ಅತ್ತೆಗೆ ಅದು ಕೆಲಸ ತಪ್ಪಿಸುವ ನಾಟಕ. ನಾಯಿಯನ್ನು ಹಮ್ಮಿಗಿಯ ನಾದಿನಿಯ ಹೊಲಕ್ಕೆ ಕಳಿಸೋಣ ಎಂದರು ನನ್ನ ಗಂಡ. ಅತ್ತೆ ಎರಡು ಹೊತ್ತು ಊಟ ಬಿಟ್ಟರು. ಕಳಿಸಲು ನನಗೂ ಮನಸ್ಸಿರಲಿಲ್ಲ. ಹಾಳಾದವನು ನನ್ನ ಕಾಲ ಮೇಲೇ ತಲೆಯಿಟ್ಟು ಮಲಗುತ್ತಿದ್ದ.

ಗದಗಿನ ಡಾಕ್ಟರು ಅಲರ್ಜಿ ಪರೀಕ್ಷೆಗೆಂದು ಮುಂಗೈ ಮೇಲೆ ಧೂಳು, ಜಿರಳೆ, ನಾಯಿ ಎಂದು ಒಂದೊಂದರ ಸತ್ವದ ಹನಿ ಹಾಕಿ ಚುಚ್ಚಿದರು. ನಾಯಿಯ ಹನಿ ಬಿದ್ದಲ್ಲಿ ಮಾತ್ರ ದದ್ದು ಎದ್ದಿತು. ನಾಯಿಯಲ್ಲಿರುವ ಯಾವ ಅಂಶ ನನಗೆ ಆಗದು ಎಂದು ತಿಳಿಯಲು ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ವರದಿ ಕೇಳಲು ಅತ್ತೆಯೂ ಬಂದರು, ನನ್ನ ನಾಟಕ ಬಯಲಾಗುವುದನ್ನು ನೋಡಬೇಕಲ್ಲ.

"ನಾಯಿ ಮೈಯಾಗ ಬ್ಯಾರೆ ಬ್ಯಾರೆ ಪ್ರೋಟೀನ್ ಇರ್ತಾವ್ರಿ. ನಿಮಗ ಆಗಿಬರದ್ದು ಒಂದ. ಅದು ಗಂಡು ನಾಯಿಯೊಳಗಷ್ಟ ತಯಾರಾಗ್ತೈತಿ, ಉಚ್ಚಿ ಜೊತಿ ಹೊರಗ ಬಂದು ಕೂದಲಿಗೆ ಹತ್ತತೈತಿ," ಎಂದರು ಡಾಕ್ಟರು. "ಹೆಣ್ಣು ನಾಯಿ ಇದ್ದಿದ್ರ ಈ ತ್ರಾಸ ಬಹುಶಃ ಇರತಿರಲಿಲ್ಲ. ಇದರ ಬೀಜದ ಆಪರೇಷನ್ ಮಾಡಿಸಿದ್ರ ಕಡಿಮಿ ಆಗಬಹುದು."

ನಾನು ಸೆರಗು ಬಾಯಿಗೊತ್ತಿ ನಕ್ಕೆ. ಅತ್ತೆ ಗೋಡೆ ನೋಡುತ್ತಿದ್ದರು.

ಆಪರೇಷನ್ ಬೇಡವೆಂದವರು ಮನೆಯಲ್ಲಿ ನನ್ನ ಗಂಡ ಒಬ್ಬರೇ. "ಪಾಪ" ಎನ್ನುತ್ತಾ ಕಾಲ ಮೇಲೆ ಕಾಲು ಹಾಕಿ ಕುಳಿತರು. ಕೊನೆಗೆ ದನದ ದವಾಖಾನೆಗೆ ನಾಯಿಯನ್ನು ನಡೆಸಿಕೊಂಡು ಹೋದವರು ಅತ್ತೆಯೇ.

ಎರಡು ತಿಂಗಳಲ್ಲಿ ಉಬ್ಬಸ ಇಳಿಯಿತು, ನಾಯಿ ಉಳಿಯಿತು. ಮೊನ್ನೆ ಮಲ್ಲಸಮುದ್ರದಿಂದ ಪರಿಚಯದವರೊಬ್ಬರು ಬುಟ್ಟಿಯಲ್ಲಿ ಮರಿಗಳನ್ನು ತಂದಿದ್ದರು. ಅತ್ತೆ ಒಂದೊಂದನ್ನೇ ಎತ್ತಿ, ಹೊಟ್ಟೆ ತಿರುವಿ ನೋಡಿ, ಒಂದನ್ನು ಮಡಿಲಲ್ಲಿ ಇಟ್ಟುಕೊಂಡರು. ಹೆಣ್ಣು.

"ಈಕಿ ಬಾಣಂತನ ನಾನ ಮಾಡ್ತೇನಿ," ಎಂದರು, ನನ್ನ ಮುಖ ನೋಡದೆ.

ಲಕ್ಷ್ಮೇಶ್ವರದ ಸಿಟ್ಟು ನನಗಿನ್ನೂ ಹೋಗಿಲ್ಲ. ಆದರೂ ಮರಿಗೆ ಹಾಲು ತರಲು ನಾನೇ ಎದ್ದೆ.