ಬಾಗಿಲಲ್ಲೇ ಉಳಿದ ಕೀಲಿಕೈ

ಪೇಟೆ ಬೀದಿಯ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು ಜಾಗ. ಕೀಲಿಯಕ್ಕ ಅಲ್ಲಿ ಕೂತು ಬೀಗ ರಿಪೇರಿ ಮಾಡುತ್ತಿದ್ದಳು. ಅಂಗಡಿಗೆ ಬೋರ್ಡು ಇರಲಿಲ್ಲ. ತಂತಿಗೆ ಪೋಣಿಸಿ ನೇತುಹಾಕಿದ ಕೀಲಿಕೈಗಳೇ ಬೋರ್ಡು. ಗಾಳಿ ಬೀಸಿದರೆ ಅವು ಕಿಣಿಕಿಣಿ ಅನ್ನುತ್ತಿದ್ದವು. ಪಕ್ಕದ ಕಟಿಂಗ್ ಶಾಪಿನವನು, "ನಿನ್ನ ಅಂಗಡಿಗೆ ಬಾಗಿಲೂ ಇಲ್ಲ, ಬೀಗಾನೂ ಇಲ್ಲ, ಬರೀ ಕೀ ಇದೆ ನೋಡು" ಎಂದು ದಿನಾ ಅದೇ ಮಾತು ಹೇಳುತ್ತಿದ್ದ. ಅವಳು ದಿನಾ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಆ ಮಾತು ಹೇಳಲಿಲ್ಲ. ಬೇರೆ ಸುದ್ದಿ ತಂದಿದ್ದ.

"ಕೀಲಿಯಕ್ಕಾ, ಕೇಳಿದ್ಯಾ? ಬಟ್ಟೆ ಅಂಗಡಿ ಸಾಹುಕಾರರ ಮನೇಲಿ ಕಳ್ಳತನ ಅಂತೆ. ಅವರೆಲ್ಲ ಊರಿಗೆ ಹೋಗಿದ್ರು. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ. ಅಳಿಯ ಮಾವನ ಮನೆಗೆ ಹೋದ ಹಾಗೆ ಕೀ ಹಾಕಿ ಒಳಗೆ ಹೋಗಿದ್ದಾರೆ. ಆ ಕೀನ ಬಾಗಿಲಲ್ಲೇ ಬಿಟ್ಟು ಹೋಗಿದ್ದಾರಂತೆ. ಪೊಲೀಸ್ನೋರು ತಗೊಂಡು ಹೋದ್ರು."

ಅವಳ ಕೈಯಲ್ಲಿದ್ದ ಅರ ಜಾರಿ ಹೆಬ್ಬೆರಳನ್ನು ಕೆರೆಯಿತು.

"ಯಾವ ಬೀದಿ ಮನೆ?" ಎಂದಳು.

"ನೀರಿನ ಟ್ಯಾಂಕ್ ಹಿಂದೆ. ನೀಲಿ ಗೇಟು. ಅಯ್ಯೋ, ರಕ್ತ ಬರ್ತಿದೆಯಲ್ಲ ನಿಂಗೆ!"

ನೀರಿನ ಟ್ಯಾಂಕ್ ಹಿಂದೆ, ನೀಲಿ ಗೇಟು. ಸ್ವಲ್ಪ ದಿನಗಳ ಹಿಂದೆ ಒಬ್ಬ ಗಿರಾಕಿಯೂ ಹಾಗೇ ಹೇಳಿದ್ದ. ಅವನ ತೋಳಿನಲ್ಲಿ ಒಂದು ಮಗು ಇತ್ತು. ಮಗುವಿನ ಮೂಗು ಸೋರುತ್ತಿತ್ತು. "ಅಕ್ಕಾ, ಅಲ್ಲೇ ಮಹಡಿ ಮೇಲೆ ಬಾಡಿಗೆಗಿದ್ದೀವಿ. ಒಂದೇ ಕೀ ಇದೆ, ನನ್ನ ಹೆಂಡತಿಗೂ ಒಂದು ಬೇಕು" ಎಂದು ಕೀಲಿಕೈ ಕೊಟ್ಟಿದ್ದ. ಅವಳು ಮಗುವಿಗೆ ತಂತಿಯ ಕೀಲಿಕೈಗಳನ್ನು ಅಲ್ಲಾಡಿಸಿ ತೋರಿಸಿದ್ದಳು. ಅದು ನಕ್ಕಿತ್ತು. ಮಗು ಎತ್ತಿಕೊಂಡು ಬಂದವನನ್ನು ಯಾರು ಅನುಮಾನಿಸುತ್ತಾರೆ?

ಅಪ್ಪ ಅನುಮಾನಿಸುತ್ತಿದ್ದ. ಅವಳಿಗೆ ಕೆಲಸ ಕಲಿಸಿದವನು ಅಪ್ಪನೇ. ಬೀರುವಿನ ಕೀಲಿಕೈ, ಪೆಟ್ಟಿಗೆಯ ಕೀಲಿಕೈ ಯಾರು ಕೇಳಿದರೂ ಮಾಡಿಕೊಡು, ಆದರೆ ಮನೆಯ ಮುಂಬಾಗಿಲಿನದ್ದಾದರೆ ನೀನೇ ಎದ್ದು ಹೋಗಿ, ಆ ಬಾಗಿಲು ನೋಡಿ, ಒಳಗಿನವರನ್ನು ಮಾತಾಡಿಸಿ, ಆಮೇಲೆ ಕೊಡು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಅವಳು ಅದನ್ನು ಒಮ್ಮೆಯೂ ಮೀರಿರಲಿಲ್ಲ. ಅಂದು ಮಾತ್ರ ಮಂಡಿ ನೋಯುತ್ತಿತ್ತು, ಟ್ಯಾಂಕಿನ ಬೀದಿ ಏರು ಬೀದಿ, ಮಗು ನಗುತ್ತಿತ್ತು. ಕೊಟ್ಟುಬಿಟ್ಟಿದ್ದಳು.

ಕೊಡುವ ಮುಂಚೆ, ಎಂದಿನಂತೆ, ತೂತಿನ ಪಕ್ಕದಲ್ಲಿ ಎರಡು ಚುಕ್ಕಿ ಹೊಡೆದಿದ್ದಳು. ಅದು ಅಪ್ಪನ ಗುರುತು. ತಾನು ಮಾಡಿದ ಪ್ರತಿಯೊಂದು ಕೀಲಿಕೈಗೂ ಅಪ್ಪ ಮೊನೆಯ ಮೊಳೆಯಿಂದ ಎರಡು ಚುಕ್ಕಿ ಹೊಡೆಯುತ್ತಿದ್ದ. ಮುಂದೆ ಅದು ಸಿಕ್ಕಿಕೊಂಡರೆ, ಸವೆದರೆ, ಯಾರ ಹತ್ತಿರ ಬಂದು ಜಗಳ ಆಡಬೇಕು ಎಂದು ಜನಕ್ಕೆ ಗೊತ್ತಿರಲಿ ಅಂತ.

ಈಗ ಆ ಗುರುತು ಪೊಲೀಸರ ಕೈಯಲ್ಲಿತ್ತು.

ಅಂದಿನಿಂದ ಅವಳಿಗೆ ಖಾಕಿ ಬಣ್ಣ ಕಂಡರೆ ದಿಗಿಲಾಗುತ್ತಿತ್ತು. ಕಷ್ಟವೆಂದರೆ ಅವಳ ಗಂಡ ಬಸ್ ಡ್ರೈವರ್. ಸಂಜೆ ಅವನು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗಲೆಲ್ಲ ಅವಳು ಕೈಯಲ್ಲಿದ್ದ ಪಾತ್ರೆ ಬೀಳಿಸುತ್ತಿದ್ದಳು. ಮೂರನೇ ಸಲ ಪಾತ್ರೆ ಬಿದ್ದಾಗ ಅವನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತ.

"ಏನಾಗಿದೆ ನಿಂಗೆ? ನಾನು ಬಂದ್ರೆ ಹುಲಿ ಬಂದ ಹಾಗೆ ಮಾಡ್ತೀಯಲ್ಲ?"

"ನಿಮ್ಮ ಷರ್ಟು..." ಎಂದು ಅಳುತ್ತಾ ಎಲ್ಲವನ್ನೂ ಹೇಳಿದಳು.

ಅವನು ಬಾಗಿಲು ಹಾಕಿ, ಷರ್ಟು ಬಿಚ್ಚಿ, ಮಡಿಸಿ, ಹಾಸಿಗೆಯ ಕೆಳಗೆ ತುರುಕಿದ. "ಯಾರಿಗೂ ಬಾಯಿ ಬಿಡಬೇಡ. ಊರಲ್ಲಿ ನೀನೊಬ್ಬಳೇ ಏನು ಕೀ ಮಾಡೋದು?" ಎಂದ. ಸ್ವಲ್ಪ ಹೊತ್ತಿನ ಮೇಲೆ ಅವನ ದನಿ ಸಣ್ಣದಾಯಿತು. "ನಿನ್ನ ಹೆಸರು ಬರೆದಿರ್ತಾರಾ ಅಂತೀಯ?"

ಅದೇ ಅವಳಿಗೆ ತಿಳಿಯಬೇಕಿತ್ತು. ಬರೆದಿದ್ದಾರೋ ಇಲ್ಲವೋ? ಆದರೆ ಕೇಳಲು ಹೋಗಬೇಕಾದದ್ದು ಬರೆದವರ ಹತ್ತಿರವೇ. ಸ್ಟೇಷನ್ನಿಗೆ ಹೋಗಿ, ಸ್ವಾಮಿ, ನನ್ನನ್ನು ಹಿಡಿಯಬೇಕು ಅಂತಿದ್ದೀರಾ ಎಂದು ಕೇಳಲಾಗುತ್ತದೆಯೇ?

ಕೋರ್ಟಿನ ಎದುರು, ಬೇವಿನ ಮರದ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ಟೈಪ್ ಮಾಡಿಕೊಡುತ್ತಿದ್ದಳು. ಎಲ್ಲರೂ ಅವಳನ್ನು ಟೈಪಿಂಗ್ ಮೇಡಂ ಅನ್ನುತ್ತಿದ್ದರು. ಕೀಲಿಯಕ್ಕ ಆ ಕೋಣೆಯ ಮುಂದೆ ಮೂರು ಸಲ ಹಾದುಹೋದಳು. ನಾಲ್ಕನೇ ಸಲ ಮೇಡಮ್ಮೇ ಕರೆದಳು.

"ಬನ್ನಿ ಅಮ್ಮಾ. ಹೀಗೇ ಓಡಾಡ್ತಿದ್ರೆ ನನ್ನ ಹೊಸಲು ಸವೆದುಹೋಗುತ್ತೆ."

ಕೀಲಿಯಕ್ಕ ಕುರ್ಚಿಯ ತುದಿಯಲ್ಲಿ ಕೂತಳು. "ಒಬ್ಬರ ಮೇಲೆ ಕೇಸ್ ಇದೆಯಾ ಅಂತ ನೋಡೋದು ಹೇಗೆ? ನನಗಲ್ಲ. ಪಕ್ಕದ ಮನೆಯವರಿಗೆ."

"ಇಲ್ಲಿಗೆ ಬರೋರೆಲ್ಲ ಪಕ್ಕದ ಮನೆಯವರಿಗಾಗೇ ಬರೋದು" ಎಂದ ಮೇಡಂ ನಗದೆ ಕಂಪ್ಯೂಟರ್ ಕಡೆ ತಿರುಗಿದಳು. "ಹೆಸರು ಹಾಕಿ ಹುಡುಕಿದ್ರೆ ಅದೇ ಹೆಸರಿನವರು ಒಂದು ಬಸ್ಸಿಗಾಗುವಷ್ಟು ಬರ್ತಾರೆ. ಯಾವ ಘಟನೆ ಅಂತ ಹೇಳಿ. ಯಾವ ಸ್ಟೇಷನ್, ಯಾವ ತಿಂಗಳು?"

ಕೀಲಿಯಕ್ಕ ಹೇಳಿದಳು. ಪೊಲೀಸರು ಮೊದಲ ದಿನ ಬರೆದುಕೊಳ್ಳುವ ದೂರನ್ನು, ಅಂದರೆ ಎಫ್‌ಐಆರನ್ನು, ಯಾರು ಬೇಕಾದರೂ ತೆಗೆದು ನೋಡಬಹುದು, ಕೆಲವನ್ನು ಮಾತ್ರ ಮುಚ್ಚಿಡುತ್ತಾರೆ ಎಂದು ಮೇಡಂ ವಿವರಿಸಿದಳು. ಪರದೆಯ ಮೇಲೆ ಫೋನ್ ನಂಬರ್ ಕೇಳಿತು.

"ನಂಬರ್ ಯಾಕೆ? ಅವರಿಗೆ ಗೊತ್ತಾಗಲ್ವಾ?" ಕೀಲಿಯಕ್ಕ ಅರ್ಧ ಎದ್ದಿದ್ದಳು.

"ಕೂತ್ಕೊಳ್ಳಿ. ನನ್ನ ನಂಬರ್ ಹಾಕ್ತೀನಿ. ನನಗಂತೂ ಊರಿನವರೆಲ್ಲ ಪಕ್ಕದ ಮನೆಯವರೇ."

ಪುಟ ತೆರೆಯಿತು. ಮೇಡಂ ಬೆರಳಿಟ್ಟು ಓದಿದಳು. ಆರೋಪಿ ಎಂಬ ಕಡೆ 'ಅಪರಿಚಿತರು' ಎಂದಿತ್ತು.

ಕೀಲಿಯಕ್ಕನ ಎದೆಯಿಂದ ಉಸಿರು ಹೊರಗೆ ಬಂತು. ಅವಳು ಕೈ ಮುಗಿದು ಏಳುವಷ್ಟರಲ್ಲಿ ಮೇಡಂ, "ಇದನ್ನ ನೋಡಿ ನೆಮ್ಮದಿಯಾಗಿ ಮಲಗಬೇಡಿ ಅಮ್ಮಾ" ಎಂದಳು. "ಇದು ಮೊದಲನೇ ದಿನ ಅವರಿಗೆ ಎಷ್ಟು ಗೊತ್ತಿತ್ತೋ ಅಷ್ಟು. ತನಿಖೆ ಆದ್ಮೇಲೆ ಕೋರ್ಟಿಗೆ ಚಾರ್ಜ್‌ಶೀಟ್ ಹಾಕ್ತಾರಲ್ಲ, ಹೆಸರು ಸೇರೋದು ಆವಾಗ. ಈ ಎಫ್‌ಐಆರ್ ನಂಬರ್ ಇಟ್ಕೊಳ್ಳಿ. ಎರಡು ಮೂರು ತಿಂಗಳು ಬಿಟ್ಟು ಬನ್ನಿ, ಇದನ್ನೇ ಹಾಕಿ ಕೋರ್ಟಿನ ಕಡೆಯಿಂದ ಹುಡುಕೋಣ."

ಎರಡು ಮೂರು ತಿಂಗಳು! ನೆಂಟರ ಮನೆಗೆ ಹೋಗಿ ಬನ್ನಿ ಅಂದ ಹಾಗೆ ಹೇಳಿದಳು.

ಆ ತಿಂಗಳುಗಳಲ್ಲಿ ಕೀಲಿಯಕ್ಕ ಮುಂಬಾಗಿಲಿನ ಕೀಲಿಕೈ ಮಾಡುವುದನ್ನೇ ಬಿಟ್ಟಳು. ಚುಕ್ಕಿ ಹೊಡೆಯುವ ಮೊಳೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಬೀದಿಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿದರೆ ಮೆಟ್ಟಿಲ ಕೆಳಗೆ ಇನ್ನಷ್ಟು ಒಳಗೆ ಸರಿಯುತ್ತಿದ್ದಳು. ತಲೆ ಮೆಟ್ಟಿಲಿಗೆ ತಾಗುತ್ತಿತ್ತು. ಊಟ ಇಳಿಯುತ್ತಿರಲಿಲ್ಲ. ಕಟಿಂಗ್ ಶಾಪಿನವನು, "ಅರೆಪಾವು ಆಗಿಬಿಟ್ಟೆ ಕೀಲಿಯಕ್ಕಾ, ಇನ್ನು ಸ್ವಲ್ಪ ದಿನ ಹೋದ್ರೆ ನೀನೇ ಬೀಗದ ತೂತೊಳಗೆ ಹೋಗಬಹುದು" ಎಂದ. ಅವಳಿಗೆ ನಗು ಬರಲಿಲ್ಲ.

"ಬಸ್ ಸ್ಟ್ಯಾಂಡಲ್ಲಿರೋ ನಿಮ್ಮಣ್ಣನ ಪೆಟ್ಟಿಗೆ ಅಂಗಡೀನೂ ಮುಚ್ಚಿದೆ. ಬೇರೆ ಊರಲ್ಲಿ ಕೆಲಸ ಸಿಕ್ಕಿತಂತೆ, ಅವನ ಹೆಂಡತಿ ಹೇಳಿದ್ಲು" ಎಂದೂ ಅವನೇ ಒಂದು ದಿನ ಹೇಳಿದ.

ಅಣ್ಣ ಎಂದರೆ ಒಡಹುಟ್ಟಿದವನಲ್ಲ. ಅಪ್ಪನ ಬಳಿ ಕೆಲಸ ಕಲಿತವನು, ಅವರ ಮನೆಯಲ್ಲೇ ಉಂಡು ಬೆಳೆದವನು. ಅಪ್ಪ ಸತ್ತ ಮೇಲೆ ಎರಡು ಚುಕ್ಕಿ ಯಾರಿಗೆ ಸೇರಬೇಕು ಎಂದು ಇಬ್ಬರಿಗೂ ಜಗಳವಾಗಿತ್ತು. ನಾನು ಮಗಳು ಎಂದು ಅವಳು, ನಾನು ಮೊದಲು ಕಲಿತವನು ಎಂದು ಅವನು. ಕೊನೆಗೆ ಅವನು ಚುಕ್ಕಿಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹೊಡೆಯುವುದು, ಅವಳು ಪಕ್ಕಪಕ್ಕದಲ್ಲಿ ಮಲಗಿಸಿ ಹೊಡೆಯುವುದು ಎಂದಾಯಿತು. ಈ ವ್ಯತ್ಯಾಸ ಅವರಿಬ್ಬರ ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ. ಅಂದಿನಿಂದ ಮಾತಿಲ್ಲ. ಅವನು ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಅಂಗಡಿ ಇಟ್ಟು, ಬೋರ್ಡಿನ ಮೇಲೆ ಎರಡು ದೊಡ್ಡ ಚುಕ್ಕಿ ಬರೆಸಿಕೊಂಡಿದ್ದ. ಊರು ಬಿಟ್ಟನಂತೆ ಎಂದಾಗ ಅವಳಿಗೆ ಬೇಜಾರಾಯಿತು. ಹೇಳಿಯೂ ಹೋಗಲಿಲ್ಲವಲ್ಲ ಎಂದುಕೊಂಡಳು. ಆಮೇಲೆ ಮತ್ತೆ ತನ್ನ ಭಯವೇ ಅವಳನ್ನು ಹಿಡಿದುಕೊಂಡಿತು.

ಎರಡನೇ ಸಲ ಟೈಪಿಂಗ್ ಮೇಡಂ ಹತ್ತಿರ ಹೋದಾಗ ಅವಳ ಅಂಗೈ ಬೆವರಿ, ನಂಬರ್ ಬರೆದಿದ್ದ ಚೀಟಿ ಮೆತ್ತಗಾಗಿತ್ತು.

"ಚಾರ್ಜ್‌ಶೀಟ್ ಬಿದ್ದಿದೆ" ಎಂದಳು ಮೇಡಂ. "ಇಬ್ಬರು ಆರೋಪಿಗಳು."

ಮೊದಲನೆಯ ಹೆಸರು ಓದಿದಳು. ಕೀಲಿಯಕ್ಕ ಎಂದೂ ಕೇಳಿದ ಹೆಸರಲ್ಲ. ಎರಡನೆಯದು ಓದುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಅದು ಅವಳ ಹೆಸರಲ್ಲ. ಅಲ್ಲ! ಒಂದು ಕ್ಷಣ ಕುರ್ಚಿ, ಕೋಣೆ, ಹೊರಗಿನ ಬೇವಿನ ಮರ ಎಲ್ಲವೂ ಹಗುರವಾದವು. ಮರುಕ್ಷಣ, ಯಾರ ಹೆಸರು ಕೇಳಿದೆ ಎಂಬುದು ತಲೆಗೆ ಇಳಿಯಿತು.

"ಇನ್ನೊಂದು ಸಲ ಓದಿ ಮೇಡಂ."

ಮೇಡಂ ಹೆಸರನ್ನೂ ತಂದೆಯ ಹೆಸರನ್ನೂ ಸೇರಿಸಿ ಓದಿದಳು. ಅನುಮಾನವಿರಲಿಲ್ಲ. ಬಸ್ ಸ್ಟ್ಯಾಂಡಿನ ಅಣ್ಣ.

"ನಿಮ್ಮ ಪಕ್ಕದ ಮನೆಯವರಾ?" ಎಂದು ಮೇಡಂ ಮೆತ್ತಗೆ ಕೇಳಿದಳು. "ಹೆದರಬೇಡಿ. ಆರೋಪಿ ಅಂದ್ರೆ ತಪ್ಪು ಮಾಡಿದ್ದಾನೆ ಅಂತ ಅಲ್ಲ. ಕೊನೆಗೆ ಏನು ತೀರ್ಪಾಯ್ತು ಅನ್ನೋದನ್ನ ನೋಡಬೇಕು. ಇಲ್ಲಿ ಇನ್ನೂ ವಿಚಾರಣೇನೇ ಶುರುವಾಗಿಲ್ಲ."

"ಯಾಕೆ ಹಿಡಿದ್ರು ಅಂತ ಇದರಲ್ಲಿ ಇಲ್ವಾ?"

"ಇದರಲ್ಲಿ ಬರಲ್ಲ. ಅದಕ್ಕೆ ಚಾರ್ಜ್‌ಶೀಟ್ ಓದಬೇಕು. ಹೊರಗಿನವರು ನಕಲು ಕೇಳಿದ್ರೆ, ಈ ಕೇಸಲ್ಲಿ ನೀವು ಯಾರು, ಯಾಕೆ ಬೇಕು ಅಂತ ಅರ್ಜೀಲಿ ಬರೀಬೇಕಾಗುತ್ತೆ. ಆದ್ರೆ ಆರೋಪಿಗೆ ಒಂದು ಪ್ರತಿ ಪುಕ್ಕಟೆ ಕೊಟ್ಟಿರ್ತಾರೆ. ಅವರ ಮನೇಲಿ ಕೇಳಿ, ಸುಲಭ."

ಸುಲಭವಂತೆ. ಮಾತು ಬಿಟ್ಟ ಮನೆಯ ಬಾಗಿಲು ತಟ್ಟುವುದು ಸುಲಭವಂತೆ.

ಅತ್ತಿಗೆ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಳು. ಕೀಲಿಯಕ್ಕನನ್ನು ಕಂಡು ಪೂರ್ತಿ ತೆರೆದಳು. ಒಳಗೆ ಬಟ್ಟೆ ಹೊಲಿಯುವ ಮಷಿನ್ನಿನ ಮೇಲೆ ಅರ್ಧ ಹೊಲಿದ ದಿಂಬಿನ ಚೀಲಗಳ ರಾಶಿ ಇತ್ತು.

"ಊರಿಗೆಲ್ಲ ಕೆಲಸಕ್ಕೆ ಹೋಗಿದ್ದಾರೆ ಅಂತ ಹೇಳಿದ್ದೀನಿ" ಎಂದಳು. "ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಅತ್ತಿಗೆ. ಹುಡುಕಿದೆ." ಯಾರನ್ನು ಹುಡುಕಲು ಹೋಗಿದ್ದೆ ಎಂಬುದನ್ನು ಹೇಳಲು ನಾಲಿಗೆ ಏಳಲಿಲ್ಲ. "ಆ ಕಾಗದ ತೋರಿಸ್ತೀರಾ?"

ಅತ್ತಿಗೆ ಪ್ಲಾಸ್ಟಿಕ್ ಚೀಲದಿಂದ ಕಾಗದದ ಕಟ್ಟು ತೆಗೆದಳು. ಕೀಲಿಯಕ್ಕ ನೆಲದ ಮೇಲೆ ಕೂತು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಮೊದಲನೇ ಆರೋಪಿ ಸಾಹುಕಾರರ ಮನೆಗೆ ಬಣ್ಣ ಹೊಡೆಯಲು ಬಂದು, ಅಲ್ಲಿಯ ಕೀಲಿಕೈಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಒಯ್ದಿದ್ದನಂತೆ. ಮಗು ಎತ್ತಿಕೊಂಡು ಬಂದವನು ಅವನೇ ಇರಬೇಕು. ನಕಲು ಯಾರು ಮಾಡಿದರೆಂದು ಅವನು ಬಾಯಿ ಬಿಟ್ಟಿರಲಿಲ್ಲ. ಎರಡು ಚುಕ್ಕಿಯ ಗುರುತು ಯಾರದೆಂದು ಪೊಲೀಸರು ವಿಚಾರಿಸಿದಾಗ ಜನ ಬಸ್ ಸ್ಟ್ಯಾಂಡಿನ ಬೋರ್ಡು ತೋರಿಸಿದ್ದರು.

ಕಟ್ಟಿನ ಕೊನೆಯಲ್ಲಿ ಕೀಲಿಕೈಯ ಫೋಟೋ ಇತ್ತು. ಜೆರಾಕ್ಸ್ ಮಾಡಿದ್ದರಿಂದ ಕಪ್ಪಾಗಿತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತೂತಿನ ಪಕ್ಕದಲ್ಲಿ ಎರಡು ಚುಕ್ಕಿ. ಪಕ್ಕಪಕ್ಕದಲ್ಲಿ.

ಅವಳು ಆ ಚುಕ್ಕಿಗಳ ಮೇಲೆ ಬೆರಳಿಟ್ಟಳು.

"ಅವರೂ ನೋಡಿದ್ರು" ಎಂದಳು ಅತ್ತಿಗೆ. "ಕೋರ್ಟಲ್ಲಿ ಕಾಗದ ಕೈಗೆ ಕೊಟ್ಟ ದಿನವೇ. ಮಲಗಿದ ಚುಕ್ಕಿ ಯಾರದು ಅಂತ ಅವರಿಗೆ ಗೊತ್ತಿಲ್ವಾ? ಹೇಳ್ರೀ, ಲಾಯರ್ ಹತ್ರ ಹೇಳ್ರೀ ಅಂತ ಜೈಲಿನ ಬಾಗಿಲಲ್ಲಿ ಎಷ್ಟು ಬೇಡಿಕೊಂಡೆ. ಕೆಲಸ ಕಲಿಸಿದ ಮಾಸ್ತರ ಮಗಳು, ನನ್ನ ಬಾಯಿಂದ ಬರಲ್ಲ ಅಂದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನೇ ನಿಮ್ಮ ಮೆಟ್ಟಿಲ ಹತ್ರ ಬಂದು ಕೂದಲು ಹಿಡಿದು ಎಳೀಬೇಕು ಅಂತ ಎರಡು ಸಲ ಹೊರಟಿದ್ದೆ. ನಿಮ್ಮಣ್ಣ ಆಣೆ ಹಾಕಿಸಿಕೊಂಡಿದ್ರು."

ಕೀಲಿಯಕ್ಕ ಕ್ಷಮಿಸಿ ಎನ್ನಬಹುದಿತ್ತು. ಆ ಮಾತು ಬಹಳ ಸಣ್ಣದೆನಿಸಿತು.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು, "ನಿನ್ನನ್ನ ಒಳಗೆ ಹಾಕಿದ್ರೆ?" ಎಂದ. ಅವಳು ಪೆಟ್ಟಿಗೆಯ ತಳದಿಂದ ಮೊಳೆ ತೆಗೆದು, ಬಟ್ಟೆ ಬಿಚ್ಚಿ, ಇನ್ನೂ ಹಲ್ಲು ಕೊರೆಯದ ಒಂದು ಕೀಲಿಕೈಗೆ ಚುಕ್ಕಿ ಹೊಡೆದಳು. ಎರಡನೇ ಚುಕ್ಕಿ ಸೊಟ್ಟಗಾಯಿತು. ಇನ್ನೊಂದಕ್ಕೆ ಹೊಡೆದಳು. ಅದು ಸರಿಯಾಗಿ ಮಲಗಿತು.

ಮಾರನೇ ದಿನ ಟೈಪಿಂಗ್ ಮೇಡಂ ಅವಳನ್ನು ಒಬ್ಬ ವಕೀಲೆಯ ಬಳಿಗೆ ಕಳಿಸಿದಳು. ಗಂಡ ರಜೆ ಹಾಕಿ ಜೊತೆಗೆ ಬಂದಿದ್ದ, ಬಿಳಿ ಷರ್ಟು ಹಾಕಿಕೊಂಡು. ವಕೀಲೆ ಕೀಲಿಕೈಯನ್ನು ಫೋಟೋದ ಪಕ್ಕದಲ್ಲಿಟ್ಟು, ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ನೋಡಿದಳು.

"ಗೊತ್ತಿಲ್ಲದೆ ಕೀ ಮಾಡಿಕೊಟ್ಟಿದ್ದಕ್ಕೆ ಶಿಕ್ಷೆ ಆಗುತ್ತೆ ಅಂತ ನನಗನಿಸಲ್ಲ. ಆದ್ರೆ ಪೊಲೀಸ್ನೋರು ಕರೆಸ್ತಾರೆ. ಗಂಟೆಗಟ್ಟಲೆ ಕೂರಿಸಿ ಕೇಳ್ತಾರೆ. ನೀನೂ ಸೇರಿಕೊಂಡಿದ್ದೆ ಅಂತ ಹೇಳಿದ್ರೂ ಹೇಳಬಹುದು. ಏನೂ ಆಗಲ್ಲ ಅಂತ ನಾನು ಮಾತು ಕೊಡಕ್ಕಾಗಲ್ಲ" ಎಂದಳು. "ಇಷ್ಟು ಹೆದರ್ಕೊಂಡಿದ್ದೀರಲ್ಲ, ಇನ್ನೊಂದು ದಿನ ಯೋಚನೆ ಮಾಡಿ ಬರ್ತೀರಾ?"

ಕಿಟಕಿಯ ಹೊರಗೆ ಒಂದು ಜೀಪು ಬಂದು ನಿಂತಿತು. ಕೀಲಿಯಕ್ಕನ ಕೈ ತಾನಾಗಿ ಗಂಡನ ತೋಳನ್ನು ಹಿಡಿದುಕೊಂಡಿತು.

"ಬೇಡಮ್ಮಾ" ಎಂದಳು. "ನಾಳೆಗೂ ಇಷ್ಟೇ ಹೆದರಿಕೆ ಇರುತ್ತೆ. ಹೆದರ್ಕೊಂಡೇ ಹೇಳ್ತೀನಿ, ನೀವು ಬರ್ಕೊಳ್ಳಿ."